ಮೌಂಟ್ ಲಾರೆಲ್ ಸಿದ್ಧಾಂತ

ಮೌಂಟ್ ಲಾರೆಲ್ ಸಿದ್ಧಾಂತವು ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಭೂಬಳಕೆ ಕಾನೂನಿನ ಒಂದು ತತ್ತ್ವ. ಇದರಂತೆ ಸ್ಥಳೀಯಾಡಳಿತಗಳು ಕಡಿಮೆ ಮತ್ತು ಮಧ್ಯಮ ಆದಾಯದ ಕುಟುಂಬಗಳಿಗೆ ಬೇಕಾದ ಮನೆಗಳಲ್ಲಿ ತಮ್ಮ ನ್ಯಾಯಯುತ ಪಾಲಿಗೆ ಅವಕಾಶ ಕಲ್ಪಿಸಬೇಕು.

ಹಿನ್ನೆಲೆ

ಕೃಷಿಪ್ರಧಾನವಾಗಿದ್ದ ಮೌಂಟ್ ಲಾರೆಲ್ ಟೌನ್‌ಶಿಪ್‌ನ ಜನಸಂಖ್ಯೆ 1950ರಲ್ಲಿ 2,817 ಇದ್ದು, 1970ರಲ್ಲಿ 11,221ಕ್ಕೆ ಏರಿತು. ಇಲ್ಲಿನ ಸಾಮಾನ್ಯ ವಸತಿ ವಲಯಗಳಲ್ಲಿ ಒಂದೇ ಕುಟುಂಬದ ಬಿಡಿ ಮನೆಗಳಿಗಷ್ಟೇ ಅನುಮತಿಯಿತ್ತು. ಒಂದು ವಲಯದಲ್ಲಿ ನಿವೇಶನದ ಕನಿಷ್ಠ ವಿಸ್ತೀರ್ಣ ಸುಮಾರು ಅರ್ಧ ಎಕರೆಯಾಗಿತ್ತು. ನಿವೇಶನ ಅಗಲವಾದಷ್ಟೂ ಪ್ರತಿ ಮನೆಯ ಪಾಲಿಗೆ ಬರುವ ರಸ್ತೆ, ಚರಂಡಿ ಹಾಗೂ ಕೊಳವೆಗಳ ಉದ್ದ ಮತ್ತು ವೆಚ್ಚ ಹೆಚ್ಚುತ್ತವೆ. ಇದರಿಂದ ತಲೆಮಾರುಗಳಿಂದ ಅಲ್ಲೇ ನೆಲೆಸಿದ್ದ ಆಫ್ರಿಕನ್ ಅಮೆರಿಕನ್ ಕುಟುಂಬಗಳಿಗೂ ಊರಿನಲ್ಲಿ ಮನೆ ಎಟುಕದಾಯಿತು. 1971ರಲ್ಲಿ ದಾವೆ ಹೂಡಿದವರಲ್ಲಿ ಎಥೆಲ್ ಲಾರೆನ್ಸ್ ಪ್ರಮುಖರು.

ತೀರ್ಪುಗಳು

ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಇಂತಹ ನಿಯಮಗಳನ್ನು ಅಸಿಂಧುವೆಂದು ಸಾರಿತು. 1983ರ ಎರಡನೆಯ ತೀರ್ಪು, ಕೈಗೆಟುಕುವ ಮನೆಗಳನ್ನು ಸೇರಿಸುವ ನಿರ್ಮಾಪಕರಿಗೆ ಎಕರೆಗೆ ಹೆಚ್ಚು ಮನೆ ಕಟ್ಟಲು ಅವಕಾಶ ನೀಡುವ ಕ್ರಮವನ್ನು ಎತ್ತಿಹಿಡಿಯಿತು. 1985ರಲ್ಲಿ ನ್ಯಾಯೋಚಿತ ವಸತಿ ಕಾಯಿದೆ ಜಾರಿಗೆ ಬಂದಿತು.

ರಸ್ತೆ ಮಾನದಂಡ

ಸಾಂದ್ರತೆಯ ಮಿತಿ ಸಡಿಲಿಸಿದರೂ ಅನಗತ್ಯವಾಗಿ ಅಗಲವಾದ ರಸ್ತೆಗಳನ್ನು ಕಡ್ಡಾಯಗೊಳಿಸಿದರೆ ಮನೆಯ ಬೆಲೆ ಇಳಿಯದು. 1993ರ ಕಾಯಿದೆಯಡಿ ರೂಪುಗೊಂಡು 1997ರಲ್ಲಿ ಜಾರಿಯಾದ ಏಕರೂಪದ ರಾಜ್ಯ ನಿಯಮಗಳು, ವಸತಿ ರಸ್ತೆಯ ಅಗಲವನ್ನು ನಿರೀಕ್ಷಿತ ವಾಹನ ಸಂಚಾರ ಹಾಗೂ ವಾಹನ ನಿಲುಗಡೆಯ ಅಗತ್ಯಕ್ಕೆ ಹೊಂದಿಸಿದವು. ಗ್ರಾಮೀಣ ರಸ್ತೆ ಮತ್ತು ಗ್ರಾಮೀಣ ಓಣಿಗಳಿಗೆ ಇವುಗಳಲ್ಲಿ ಪ್ರತ್ಯೇಕ ವರ್ಗಗಳಿವೆ.

ಪರಿಣಾಮ

ಲಾರೆನ್ಸ್ 1994ರಲ್ಲಿ ನಿಧನರಾದರು. ಅವರ ಹೆಸರಿನ ವಸತಿ ಸಮುಚ್ಚಯಕ್ಕೆ ಮೊದಲ ನಿವಾಸಿಗಳು ಬಂದದ್ದು 2000ದಲ್ಲಿ. ಮುಂದೆ ಅಲ್ಲಿನ ಮನೆಗಳ ಸಂಖ್ಯೆ 140ಕ್ಕೆ ಏರಿತು.