ಬಿಸಿಲುನಾಡಿನಲ್ಲಿ ಹೋಯಾ

ಕುಂಡದಿಂದ ಇಳಿಬೀಳುವ ಹೋಯಾ ಬಳ್ಳಿಯನ್ನು ಸಾಕುವ ರೀತಿಯನ್ನು ನಮಗೆ ಕಲಿಸಿದ್ದು ಇಂಗ್ಲೆಂಡಿನ ಚಳಿ. ದಕ್ಷಿಣದ ಕಿಟಕಿಯಲ್ಲಿಡಿ, ಬೆಚ್ಚಗಿಡಿ, ಚಳಿಗಾಲದಲ್ಲಿ ವಿಶ್ರಾಂತಿ ಕೊಡಿ ಎಂಬ ಸಲಹೆಗಳು ಅಲ್ಲಿ ಅನುಭವದಿಂದ ಹುಟ್ಟಿದವು, ಅಲ್ಲಿಗೆ ಸರಿಯೂ ಹೌದು. ಅವನ್ನೇ ಯಾದಗಿರಿ ಜಿಲ್ಲೆಯ ಕೊಂಕಲ್‌ನ ಪಡಸಾಲೆಯಲ್ಲಿ, ಸುರಪುರದ ಮಾಳಿಗೆ ಮನೆಯಲ್ಲಿ ಪಾಲಿಸಿದರೆ ಗಿಡ ಒಣಗುತ್ತದೆ, ಇಲ್ಲವೇ ಕೊಳೆಯುತ್ತದೆ. ಗಿಡ ಸತ್ತಾಗ ಸಾಕಿದವರ ಕೈಗುಣವನ್ನು ದೂರುವುದು ರೂಢಿ. ದೂರಬೇಕಾದದ್ದು ಆ ಸಲಹೆಯ ಚರಿತ್ರೆಯನ್ನು.

ಚರಿತ್ರೆ ನಮ್ಮ ಬೇಲಿಯಿಂದಲೇ ಶುರುವಾಗುತ್ತದೆ. 1780ರ ದಶಕದ ಆರಂಭದಲ್ಲಿ ಸಸ್ಯಶಾಸ್ತ್ರಜ್ಞ ಕಿರಿಯ ಲಿನೇಯಸ್ ಒಂದೇ ಪುಸ್ತಕದಲ್ಲಿ ಎರಡು ಬಳ್ಳಿಗಳನ್ನು ವರ್ಣಿಸಿದ. ಒಂದು, ಇಂದು ಮನೆಮನೆಯ ಕುಂಡದಲ್ಲಿರುವ ಹೋಯಾ ಕಾರ್ನೋಸಾ. ಇನ್ನೊಂದು, ದಖ್ಖನ್ನಿನ ಕುರುಚಲು ಕಾಡಿನಲ್ಲಿ ಹಸಿರು ಹೂಗೊಂಚಲು ಬಿಡುವ ಹಾಲುಬಳ್ಳಿ. ವಟ್ಟಕಾಕ ಎಂದೂ ಕರೆಯುವುದು ಇದನ್ನೇ. 1810ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ಹೋಯಾ ಕುಲವನ್ನು ಕಟ್ಟಿ, ಲಂಡನ್ ಬಳಿಯ ಸಯಾನ್ ಹೌಸ್‌ನ ತೋಟಗಾರ ಥಾಮಸ್ ಹೋಯ್‌ನ ಹೆಸರಿಟ್ಟ. ಆ ಹಾಲುಬಳ್ಳಿಯನ್ನೂ ಬ್ರೌನ್ ಹೋಯಾ ಎಂದೇ ಎಣಿಸಿದ್ದ. ಬೇರೆ ಕುಲಕ್ಕೆ ಅದು ಸರಿದದ್ದು ಮುಂದೆ. ಮುಂದಿನ ಕಥೆ ಗಾಜು ಮತ್ತು ಕಲ್ಲಿದ್ದಲಿನದು. ಗಿಡಗಳನ್ನು ಹಡಗಿನಲ್ಲಿ ಜೀವಂತವಾಗಿ ಸಾಗಿಸುವ ವಾರ್ಡ್‌ನ ಗಾಜಿನ ಪೆಟ್ಟಿಗೆ 1830ರ ದಶಕದಲ್ಲಿ ಬಂತು, ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ ರದ್ದಾಯಿತು. ಗಿಡ ಸಂಗ್ರಾಹಕ ಥಾಮಸ್ ಲಾಬ್ ಬರ್ಮಾದ ಮೌಲ್ಮೇನ್ ಕಡೆಯಿಂದ ಕಳಿಸಿದ ಪುಟ್ಟ ಎಲೆಯ ಹೋಯಾ ಬೆಲ್ಲಾವನ್ನು 1848ರಲ್ಲಿ ಸಸ್ಯಶಾಸ್ತ್ರಜ್ಞ ಹೂಕರ್ ಪ್ರಕಟಿಸಿದ. ಅದೇ ವರ್ಷಗಳಲ್ಲಿ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿ ಆಡಳಿತ ನಡೆಸುತ್ತಿದ್ದ. ಇಲ್ಲಿ ಗಾಜಿನ ಮನೆ ಕಟ್ಟುವ ಅಗತ್ಯ ಯಾರಿಗೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಒಲೆ ಉರಿಸಿ ಬೆಚ್ಚಗಿಟ್ಟ ಕೋಣೆಯಲ್ಲಿ ಹೋಯಾ ಬಾಳುವುದನ್ನು ಕಂಡ ತೋಟಗಾರರು ಬರೆದದ್ದೇ ಶಾಸ್ತ್ರವಾಯಿತು. ಬೆಂಗಳೂರಿನ ಲಾಲ್‌ಬಾಗ್‌ಗೂ 1889ರಲ್ಲಿ ಅಡಿಗಲ್ಲು ಬಿದ್ದ ಗಾಜಿನ ಮನೆ ಬಂತು. ಅದು ಹೆಸರಾದದ್ದು ಫಲಪುಷ್ಪ ಪ್ರದರ್ಶನಕ್ಕೆ, ಗಿಡಗಳನ್ನು ಚಳಿಯಿಂದ ಕಾಯುವುದಕ್ಕಲ್ಲ. ಕಟ್ಟಡದ ಬಳಕೆ ನಮ್ಮ ಹವೆಗೆ ತಕ್ಕಂತೆ ಬದಲಾಯಿತು. ಪುಸ್ತಕದ ಮಾತು ಮಾತ್ರ ಬದಲಾಗಲಿಲ್ಲ.

ಆ ಮಾತನ್ನು ಯಾದಗಿರಿ ಜಿಲ್ಲೆಯ ಬಿಸಿಲಿಗೆ ಹಿಡಿದು ನೋಡಬೇಕು. ಲಂಡನ್ನಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ವಾಲಿರುತ್ತಾನೆ, ದಕ್ಷಿಣದ ಕಿಟಕಿಯೇ ಗಿಡಕ್ಕೆ ಆಸರೆ. ನಮ್ಮಲ್ಲಿ ಮೇ ತಿಂಗಳಲ್ಲಿ ಅವನು ನೆತ್ತಿ ದಾಟಿ ಉತ್ತರಕ್ಕೆ ಹೊರಳುತ್ತಾನೆ, ಬಿಸಿ 40 ಡಿಗ್ರಿ ಮೀರುತ್ತದೆ, ಪಡುವಣ ಗೋಡೆಯ ಕಲ್ಲು ರಾತ್ರಿಯೂ ಕಾವು ಉಗುಳುತ್ತದೆ. ಹೋಯಾಕ್ಕೆ ಬೇಕಾದದ್ದು ಮೂಡಣದ ಎಳೆಬಿಸಿಲು, ಗಾಳಿಯಾಡುವ ಕಟ್ಟೆ. ಅದು ಸೊರಗುವ ಕಾಲ ಇಲ್ಲಿ ಬೇಸಿಗೆ. ಆಗ ಗೊಬ್ಬರ ಹಾಕಿ ಬೆಳೆಸಲು ಹೋಗಬಾರದು. ಮಣ್ಣಿನದು ಇನ್ನೂ ದೊಡ್ಡ ಮಾತು. ಹತ್ತಿ, ತೊಗರಿಗೆ ಹೆಸರಾದ ನಮ್ಮ ಎರೆಮಣ್ಣು ನೀರು ಕುಡಿದರೆ ಉಬ್ಬಿ ಅಂಟಾಗುತ್ತದೆ, ಒಣಗಿದರೆ ಬಿರಿಯುತ್ತದೆ. ಮರದ ತೊಗಟೆಯ ಸಂದಿನಲ್ಲಿ ಗಾಳಿ ಉಂಡು ಬೆಳೆವ ಬೇರಿಗೆ ಇದರಲ್ಲಿ ಉಸಿರಿಲ್ಲ. ತೆಂಗಿನ ನಾರು, ಇದ್ದಿಲ ಚೂರು, ಗರಸು, ತುಸು ಹಳೆಯ ಗೊಬ್ಬರ ಸಾಕು. ಸುಣ್ಣಕಲ್ಲಿನ ಸೀಮೆಯ ಬೋರಿನ ನೀರು ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಮಾಳಿಗೆಯ ಮಳೆನೀರು ಹಿಡಿದಿಟ್ಟರೆ ಅದೇ ಒಳ್ಳೆಯದು.

ಮಳೆಕಾಡಿನ ಬಳ್ಳಿಯನ್ನು ಬರದ ಸೀಮೆಗೆ ತಂದು ಕುಡಿವ ನೀರಿಗೂ ಪರದಾಡುವ ಊರಲ್ಲಿ ಸಾಕಬೇಕೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಮಳೆಕಾಡಿನಲ್ಲಿಯೂ ಹೋಯಾ ಬಹುಮಟ್ಟಿಗೆ ನೆಲದ ಗಿಡವಲ್ಲ. ಪಶ್ಚಿಮಘಟ್ಟದ ಹೋಯಾ ವೈಟಿ ಮರವನ್ನಪ್ಪಿ ಬೆಳೆಯುತ್ತದೆ. ಮಳೆ ನಿಂತ ಸ್ವಲ್ಪ ಹೊತ್ತಿಗೇ ತೊಗಟೆ ಒಣಗುವುದರಿಂದ ಕಾಡಿನ ನಡುವೆಯೂ ಬಾಯಾರಿಕೆ ಅದಕ್ಕೆ ಹೊಸದಲ್ಲ. ಹೋಯಾ ಕಾರ್ನೋಸಾದ ದಪ್ಪ ಎಲೆ ನೀರು ಕೂಡಿಡುತ್ತದೆ, ರಾತ್ರಿ ರಂಧ್ರ ತೆರೆದು ಗಾಳಿ ಒಳಗೆಳೆದು ಹಗಲಿನ ನೀರಿನ ನಷ್ಟ ತಪ್ಪಿಸುತ್ತದೆ. ಮಿಶ್ರಣ ಒಣಗಿದ ಮೇಲಷ್ಟೇ ನೀರು ಕೇಳುವ ಗಿಡ ಇದು. ಅಕ್ಕಿ ತೊಳೆದ ಮೊದಲ ನೀರಿನಲ್ಲೂ ನಡೆಯುತ್ತದೆ. ಹಾಲುಬಳ್ಳಿಯ ನಂಟನ್ನೇ ನೆಚ್ಚಿ ಹೋಯಾವನ್ನು ಬೇಲಿಯ ಬಿಸಿಲಿಗೆ ಬಿಡಬಹುದೇ ಎಂದರೆ, ಖಂಡಿತ ಕೂಡದು: ವಟ್ಟಕಾಕ ನೆಲದಲ್ಲಿ ಬೇರಿಳಿಸುತ್ತದೆ, ಹೋಯಾಕ್ಕೆ ಆ ಆಸರೆ ಇಲ್ಲ. ನಂಟು ಹೇಳುವುದು ಇಷ್ಟೇ, ಈ ಬಳಗ ದಖ್ಖನ್ನಿಗೆ ಹೊರಗಿನದಲ್ಲ.

ಕತ್ತರಿಸುವ ವಿಷಯದಲ್ಲೂ ತೋಟದ ರೂಢಿ ಇಲ್ಲಿ ಕೆಲಸಕ್ಕೆ ಬಾರದು. ಬಾಡಿದ ಹೂವನ್ನು ತೊಟ್ಟಿನ ಸಮೇತ ಚಿವುಟುವುದು ಗುಲಾಬಿಗೆ ಒಪ್ಪುತ್ತದೆ. ಆದರೆ ಹೋಯಾ ಮರುವರ್ಷವೂ ಅದೇ ತೊಟ್ಟಿನ ತುದಿಯಲ್ಲಿ ಮೊಗ್ಗು ಬಿಡುತ್ತದೆ, ತೊಟ್ಟನ್ನು ಚಿವುಟಬಾರದು. ಎಲೆಯಿಲ್ಲದ ಉದ್ದ ಹಂಬು ಒಣಕಲಾಗಿ ಕಂಡರೂ ಎಲೆ ಬರುವುದು ತಡವಾಗಿಯೇ, ಅದನ್ನೂ ಕತ್ತರಿಸಬಾರದು. ಕುಂಡವನ್ನು ವರ್ಷವರ್ಷ ದೊಡ್ಡದು ಮಾಡುವ ಅಗತ್ಯವೂ ಇಲ್ಲ, ಬೇರು ಬಿಗಿಯಾದ ಕುಂಡದಲ್ಲೇ ಅದು ಚೆನ್ನಾಗಿ ಹೂ ಕಟ್ಟುತ್ತದೆ.