ಅಂಗೈ ಆಟಯಂತ್ರಗಳಲ್ಲಿ ಜಾಲವೀಕ್ಷಣೆ ಮತ್ತು ಕನ್ನಡ ಲಿಪಿ: ಪಣಂಬೂರಿನಿಂದ ಒಂದು ನೋಟ

ಮಂಗಳೂರು ನಗರದ ಉತ್ತರ ಭಾಗದಲ್ಲಿರುವ ಪಣಂಬೂರು, 1974ರ ಮೇ 4ರಂದು ದೇಶದ ಪ್ರಧಾನ ಬಂದರುಗಳಲ್ಲಿ ಒಂದೆಂದು ಘೋಷಿತವಾದ ನವಮಂಗಳೂರು ಬಂದರಿನ ನೆಲೆ. ಬಂದರು ಮತ್ತು ಕೈಗಾರಿಕೆಗಳಿಂದ ಪರಿಚಿತವಾದ ಈ ಊರು ಭಾಷಿಕವಾಗಿಯೂ ಗಮನಾರ್ಹವಾದುದು. ಈ ಕರಾವಳಿಯ ತುಳು, ಬ್ಯಾರಿ ಮತ್ತು ಕೊಂಕಣಿ ಭಾಷೆಗಳಿಗೆ ಬರವಣಿಗೆಯಲ್ಲಿ ಬಹುಮಟ್ಟಿಗೆ ಆಸರೆಯಾಗಿರುವುದು ಕನ್ನಡ ಲಿಪಿಯೇ. ಆದ್ದರಿಂದ ಯಾವುದೇ ಯಂತ್ರವು ಕನ್ನಡ ಲಿಪಿಯನ್ನು ಅರಿಯದೆ ಹೋದರೆ ಇಲ್ಲಿ ಒಂದು ಭಾಷೆಯ ಓದು ಮಾತ್ರವಲ್ಲ, ನಾಲ್ಕು ಭಾಷೆಗಳ ಓದು ಏಕಕಾಲಕ್ಕೆ ನಿಲ್ಲುತ್ತದೆ. ಅಂಗೈ ಆಟಯಂತ್ರಗಳಿಗೆ ಜಾಲವೀಕ್ಷಕ ತಂತ್ರಾಂಶ, ಅಂದರೆ ಬ್ರೌಸರ್, ಒದಗಿಬಂದ ಘಟ್ಟವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಉಚಿತ.

ಕೈಯಲ್ಲಿ ಹಿಡಿದು ಆಡುವ ಯಂತ್ರದಿಂದಲೇ ಅಂತರಜಾಲವನ್ನು ತಲುಪುವ ಯತ್ನ ಹೊಸದೇನಲ್ಲ. ಅಮೆರಿಕದ ಟೈಗರ್ ಸಂಸ್ಥೆ 1997ರಲ್ಲಿ ಹೊರತಂದ ಗೇಮ್.ಕಾಮ್ ಎಂಬ ಯಂತ್ರವು ಪ್ರತ್ಯೇಕ ಮೋಡೆಮ್‌ನ ನೆರವಿನಿಂದ ಅಕ್ಷರಪಠ್ಯವನ್ನಷ್ಟೇ ತೋರಿಸಬಲ್ಲದಾಗಿತ್ತು. ಪೂರ್ಣ ಪುಟಗಳ ವೀಕ್ಷಣೆ ಸಾಧ್ಯವಾದದ್ದು ಮುಂದಿನ ದಶಕದಲ್ಲಿ. ಜಪಾನಿನ ಸೋನಿ ಸಂಸ್ಥೆಯ ಪ್ಲೇಸ್ಟೇಷನ್ ಪೋರ್ಟಬಲ್ ಯಂತ್ರಕ್ಕೆ 2005ರಲ್ಲಿ 2.00ನೆಯ ಆವೃತ್ತಿಯ ತಂತ್ರಾಂಶದ ಮೂಲಕ ಬ್ರೌಸರ್ ಸೇರಿತು. 2006ರಲ್ಲಿ ನಿಂಟೆಂಡೊ ಡಿಎಸ್ ಯಂತ್ರಕ್ಕಾಗಿ ನಾರ್ವೆಯ ಒಪೆರಾ ಸಂಸ್ಥೆ ರೂಪಿಸಿದ ಬ್ರೌಸರ್ ಜಪಾನ್ ಮತ್ತು ಯೂರೋಪುಗಳಲ್ಲಿ ಮಾರಾಟಕ್ಕೆ ಬಂದಿತು. ಡಿಎಸ್‌ನ ಮೂಲ ಸ್ಮೃತಿ ಕೇವಲ 4 ಮೆಗಾಬೈಟ್ ಆಗಿದ್ದುದರಿಂದ ಬ್ರೌಸರ್‌ನೊಂದಿಗೆ ಹೆಚ್ಚುವರಿ ಸ್ಮೃತಿಯ ಬಿಲ್ಲೆಯೊಂದನ್ನೂ ಕೂಡಿಸಬೇಕಾಯಿತು. ಸೋನಿ ಯಂತ್ರದ ಮೊದಲ ಮಾದರಿಯಲ್ಲಿದ್ದ 32 ಮೆಗಾಬೈಟ್ ಸಹ ದೊಡ್ಡ ಪುಟಗಳಿಗೆ ಸಾಲುತ್ತಿರಲಿಲ್ಲ.

ಆದರೆ ಕನ್ನಡದ ಓದುಗನಿಗೆ ಎದುರಾದ ತೊಡಕು ಸ್ಮೃತಿಯ ಕೊರತೆಗಿಂತ ಆಳವಾದುದು. ಪಣಂಬೂರು ಎಂಬ ಹೆಸರನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಣ್ಣಿಗೆ ಇದು ನಾಲ್ಕು ಅಕ್ಷರಗಳ ಪದ. 1991ರಿಂದಲೇ ಕನ್ನಡವನ್ನು ಒಳಗೊಂಡಿರುವ ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ ಇದು ಏಳು ಸಂಕೇತಗಳ ಸರಣಿ: ಪ, ಣ, ಅನುಸ್ವಾರ, ಬ, ದೀರ್ಘ ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ನೆರೆಯ ಸುರತ್ಕಲ್‌ನ ಹೆಸರಿನಲ್ಲಿ ಒತ್ತಕ್ಷರವೂ ಇದೆ. ಅಲ್ಲಿ ತಕಾರದ ಮುಂದಿನ ಕಕಾರವು ಸಾಲಿನಿಂದ ಇಳಿದು ಕೆಳಗೆ ಕೂರಬೇಕು. ಈ ಸಂಕೇತಗಳನ್ನು ಜೋಡಿಸಿ ಅಕ್ಷರರೂಪಕ್ಕೆ ತರುವ ವ್ಯವಸ್ಥೆಯಾಗಲಿ, ಕನ್ನಡದ ಅಕ್ಷರಮಾದರಿಗಳಾಗಲಿ ಮೇಲಿನ ಎರಡು ಯಂತ್ರಗಳಲ್ಲಿ ಇರಲಿಲ್ಲ. ಅಂದಿನ ಹಲವು ಕನ್ನಡ ಜಾಲತಾಣಗಳು ಯೂನಿಕೋಡನ್ನು ಬಳಸದೆ ತಮ್ಮದೇ ಅಕ್ಷರಮಾದರಿಗಳನ್ನು ನೆಚ್ಚಿಕೊಂಡಿದ್ದವು. ಆ ಮಾದರಿಯಿಲ್ಲದ ಯಂತ್ರದಲ್ಲಿ ಅಂತಹ ಪುಟವು ಅರ್ಥಹೀನ ರೋಮನ್ ಅಕ್ಷರಗಳ ರಾಶಿಯಾಗುತ್ತಿತ್ತು. ಕನ್ನಡವು ಚಿತ್ರವಾಗಿ ಬಂದರೆ ಮಾತ್ರ ಕನ್ನಡವಾಗಿ ಕಾಣುತ್ತಿತ್ತು.

ಅಕ್ಷರಕ್ಕೂ ಚಿತ್ರಕ್ಕೂ ಇರುವ ಈ ಸಂಬಂಧ ಮಂಗಳೂರಿಗೆ ಅಪರಿಚಿತವಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಟ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಿತವಾಯಿತು. ಕಲ್ಲಚ್ಚಿನಲ್ಲಿ ಇಡೀ ಪುಟವೇ ಒಂದು ಚಿತ್ರ. ಅದರಲ್ಲಿನ ಒಂದು ಅಕ್ಷರವನ್ನು ಕಿತ್ತು ಬೇರೊಂದು ಪುಟದಲ್ಲಿ ಇಡಲಾಗದು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾದಾಗ ಅಚ್ಚುಮೊಳೆಗಳ ಮುದ್ರಣ ಒದಗಿತು. ಚಿತ್ರದಿಂದ ಬಿಡಿಮೊಳೆಗೆ ನಡೆದ ಆ ದಾಟುವಿಕೆಯನ್ನೇ ಒಂದೂವರೆ ಶತಮಾನದ ಅನಂತರ ಕನ್ನಡವು ವಿದ್ಯುನ್ಮಾನದ ಪುಟದ ಮೇಲೆ ಮತ್ತೊಮ್ಮೆ ಮಾಡಬೇಕಾಯಿತು.

ಇಲ್ಲಿ ಸ್ಮರಿಸಬೇಕಾದ ಸಂಗತಿಯೆಂದರೆ, ಅಂಗೈ ಯಂತ್ರದಲ್ಲಿ ಲಿಪಿಯ ಪ್ರಶ್ನೆಯನ್ನು ಆಟಯಂತ್ರಗಳಿಗಿಂತ ಮೊದಲೇ ಕರ್ನಾಟಕದಲ್ಲಿ ಎತ್ತಲಾಗಿತ್ತು ಎಂಬುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ 2001ರಲ್ಲಿ ಪ್ರಕಟವಾಯಿತು. ಲಿನಕ್ಸ್ ಆಧಾರಿತವಾದ ಈ ಯಂತ್ರಕ್ಕಾಗಿಯೇ ಒಂದು ಪುಟಭಾಷೆಯನ್ನೂ ಅದನ್ನು ತೆರೆಯುವ ಬ್ರೌಸರನ್ನೂ ರಚಿಸಲಾಗಿತ್ತು. ಓದಲಾರದವರಿಗಾಗಿ ಕನ್ನಡ ಪಠ್ಯವನ್ನು ಧ್ವನಿಗೆ ತಿರುಗಿಸುವ ತಂತ್ರಾಂಶವೂ ಇದೇ ಯತ್ನದ ಫಲ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಿಂದ ಬಂದ 'ಅಮಿಡ' ಮಾದರಿಯಲ್ಲಿ ಯಂತ್ರದ ಚಲನೆಯನ್ನು ಗ್ರಹಿಸುವ ಸಾಧನವೂ ಇದ್ದಿತು. ಸುಮಾರು 10,000 ರೂಪಾಯಿಗಳಿಂದ ಆರಂಭವಾಗುತ್ತಿದ್ದ ಬೆಲೆ ಯಾರಿಗಾಗಿ ಅದನ್ನು ಕಲ್ಪಿಸಲಾಯಿತೋ ಅವರ ಕೈಗೆ ಎಟುಕುವಂತಿರಲಿಲ್ಲ. 2005ರ ವೇಳೆಗೆ ಮಾರಾಟವಾದವು ಕೆಲವು ಸಾವಿರ ಮಾತ್ರ. ಹೀಗೆ ಲಿಪಿಯನ್ನು ಅರಿತಿದ್ದ ಯಂತ್ರವು ಜನರ ಕೈಗೆ ತಲುಪಲಿಲ್ಲ. ಜಗತ್ತಿನಾದ್ಯಂತ ಕೋಟಿಗಟ್ಟಲೆ ಮಾರಾಟವಾದ ಆಟಯಂತ್ರಗಳು ಲಿಪಿಯನ್ನು ಅರಿಯಲಿಲ್ಲ.

ಈ ಎರಡರ ನಡುವಿನ ತೆರಪನ್ನು ತುಂಬಿದ್ದು ಮೊಬೈಲ್ ದೂರವಾಣಿ. ಡಿಎಸ್‌ಗೆ ಬ್ರೌಸರ್ ಒದಗಿಸಿದ ಒಪೆರಾ ಸಂಸ್ಥೆಯೇ ದೂರವಾಣಿಗಳಿಗೆ ರೂಪಿಸಿದ ಒಪೆರಾ ಮಿನಿಯಲ್ಲಿ, ಭಾರತೀಯ ಲಿಪಿಗಳನ್ನು ದೂರದ ಗಣಕದಲ್ಲಿ ಚಿತ್ರವಾಗಿ ಪರಿವರ್ತಿಸಿ ಕಳುಹಿಸುವ ಆಯ್ಕೆಯಿತ್ತು. ಕಲ್ಲಚ್ಚಿನ ಉಪಾಯವೇ ಹೊಸ ರೂಪದಲ್ಲಿ ಮರಳಿತೆನ್ನಬಹುದು. ಓದಲು ಅದು ಸಾಕಾದರೂ ನಕಲಿಸಲು, ಹುಡುಕಲು, ಉತ್ತರಿಸಲು ಸಾಲದು. 2012ರಲ್ಲಿ ಬಂದ ಆಂಡ್ರಾಯ್ಡ್ 4.1 ಆವೃತ್ತಿಯು ಕನ್ನಡದ ಸಂಯುಕ್ತಾಕ್ಷರಗಳನ್ನು ತಾನೇ ಜೋಡಿಸಬಲ್ಲದಾದಾಗ ಆ ಉಪಾಯದ ಅಗತ್ಯ ಕಡಿಮೆಯಾಯಿತು. ಅತ್ತ ಆಟಯಂತ್ರಗಳಲ್ಲಿ ಜಾಲವೀಕ್ಷಣೆಯೇ ಹಿಂದೆ ಸರಿಯಿತು. 2017ರ ನಿಂಟೆಂಡೊ ಸ್ವಿಚ್‌ನಲ್ಲಿ ಬಳಕೆದಾರರಿಗೆ ಮುಕ್ತವಾದ ಬ್ರೌಸರ್ ಇರಲಿಲ್ಲ.

ಅಂಗೈ ಯಂತ್ರಗಳ ಇತಿಹಾಸವನ್ನು ಸಾಮಾನ್ಯವಾಗಿ ವೇಗ, ಸ್ಮೃತಿ, ತೆರೆಯ ಗಾತ್ರಗಳಿಂದ ಅಳೆಯಲಾಗುತ್ತದೆ. ಪಣಂಬೂರಿನಂತಹ ಬಹುಭಾಷಿಕ ನೆಲೆಯಿಂದ ನೋಡಿದಾಗ, ಯಂತ್ರವು ಯಾರ ಅಕ್ಷರವನ್ನು ಅರಿತಿತ್ತು ಎಂಬುದೇ ಮೊದಲ ಅಳತೆಗೋಲಾಗುತ್ತದೆ. 2016ರಲ್ಲಿ ತುಳು ವಿಕಿಪೀಡಿಯ ಕನ್ನಡ ಲಿಪಿಯಲ್ಲಿ ಆರಂಭವಾದದ್ದು ಈ ಲಿಪಿ ಯಂತ್ರಗಳಲ್ಲಿ ನೆಲೆಯೂರಿದ್ದರ ಫಲವೂ ಹೌದು. 2024ರಲ್ಲಿ ಯೂನಿಕೋಡ್ ತುಳು-ತಿಗಳಾರಿ ಲಿಪಿಗೂ ಸ್ಥಾನ ನೀಡಿದೆ. ಆದರೆ ಸಂಕೇತ ದೊರೆತ ಲಿಪಿಯು ಓದುಗನ ಅಂಗೈಗೆ ಬರಲು ಕನ್ನಡಕ್ಕೆ ಎರಡು ದಶಕಗಳೇ ಬೇಕಾದವು. ಆ ಅವಧಿಯನ್ನು ತುಳುವಿಗೆ ಕಿರಿದುಗೊಳಿಸುವುದು ಮುಂದಿನ ಕಾರ್ಯ.