ಗಾಣ ಕಲಿಸಿದ ಯಂತ್ರವಿದ್ಯೆ

ಆಲೆಮನೆಗೆ ಒಲೆ ಹಚ್ಚುವ ಮೊದಲು ಮಂಡ್ಯ ಸೀಮೆಯ ಲೇತ್ ಅಂಗಡಿಗಳಿಗೆ ಗಾಣದ ಉರುಳೆಗಳು ಬರುತ್ತವೆ. ಕಬ್ಬು ಅರೆದು ಅರೆದು ಸವೆದ ಗೆರೆಗಳನ್ನು ಮತ್ತೆ ಕೊರೆಸಬೇಕು. ಮದ್ದೂರಿನ ಒಂದು ಅಂಗಡಿಯಲ್ಲಿ ನಾನು ಕಂಡ ಲೇತು ಚಿಕ್ಕದು, ಬಂದಿದ್ದ ಉರುಳೆ ದೊಡ್ಡದು. ಮೇಸ್ತ್ರಿ ಹೆಡ್‌ಸ್ಟಾಕ್, ಟೇಲ್‌ಸ್ಟಾಕ್, ಟೂಲ್‌ಪೋಸ್ಟ್ ಮೂರರ ಅಡಿಗೂ ಎರಕದ ದಿಮ್ಮಿ ಕೊಟ್ಟು ಲೇತನ್ನೇ ಎತ್ತರಿಸಿಕೊಂಡಿದ್ದರು. ಆ ದಿಮ್ಮಿಗಳನ್ನು ಎಲ್ಲಿ ಮಾಡಿಸಿದಿರಿ ಎಂದೆ. ಲೇತಿನ ಕಡೆಗೇ ಕೈ ತೋರಿಸಿದರು. ತನ್ನನ್ನು ದೊಡ್ಡದು ಮಾಡುವ ಭಾಗವನ್ನು ಆ ಯಂತ್ರ ತಾನೇ ಕಡೆದುಕೊಂಡಿತ್ತು.

ಮನೆಯ ಹಿತ್ತಿಲಲ್ಲಿ ಲೇತು, ಡ್ರಿಲ್ಲಿಂಗ್ ಮೆಷಿನ್ನು ಕಟ್ಟಿಕೊಳ್ಳುವ ಕಲೆಯ ತಿರುಳೇ ಇದು. ನಮ್ಮಲ್ಲಿ ಅದು ಹವ್ಯಾಸವಾಗಿ ಹುಟ್ಟಲಿಲ್ಲ, ಗಾಣದ ರಿಪೇರಿಯಿಂದ ಹುಟ್ಟಿತು ಎಂಬುದು ನನ್ನ ನಂಬಿಕೆ.

ಕಲ್ಲು ಮತ್ತು ಮರದ ಗಾಣ ಇದ್ದಷ್ಟು ಕಾಲ ರಿಪೇರಿ ಕಲ್ಲುಕುಟಿಗನದು, ಬಡಗಿಯದು. 1870ರ ದಶಕದಲ್ಲಿ ಬಿಹಾರದ ಬಿಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನ್ ಎಂಬಿಬ್ಬರು ಎತ್ತು ಎಳೆಯುವ ಕಬ್ಬಿಣದ ಗಾಣ ತಂದರು. ಅಂಥ ಗಾಣ ದೇಶದಲ್ಲೆಲ್ಲ ಹರಡಿದ ಮೇಲೆ ಬುಷ್ಷು ಸವೆದರೆ, ಹಲ್ಲುಚಕ್ರ ಮುರಿದರೆ ಕುಲುಮೆಯ ಸುತ್ತಿಗೆಯೊಂದೇ ಸಾಲದಾಯಿತು. ದುಂಡಗೆ ಕಡೆಯುವವನು ಬೇಕಾದ. ಬೆಳಗಾವಿಯ ಕಡೆ ಆ ಜಾಗಕ್ಕೆ ಬಂದವರು ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್. 1888ರಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು, ಕಬ್ಬಿನ ಗಾಣದವರೆಗೆ ಬಂದರು. 1910ರಲ್ಲಿ ಔಂಧ್ ಸಂಸ್ಥಾನದಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಅದೇ ಮನೆತನದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ನೆಲೆಯೂರಿ ಲೇತುಗಳನ್ನು ತಯಾರಿಸಿತು. ರೈತನ ಉಪಕರಣದಿಂದ ಹೊರಟು ಯಂತ್ರ ಮಾಡುವ ಯಂತ್ರಕ್ಕೆ ತಲುಪಿದ ಈ ದಾರಿಯನ್ನು ನಮ್ಮ ಕೈಗಾರಿಕೆಯ ಚರಿತ್ರೆಗಳು ಇನ್ನಷ್ಟು ಗಮನವಿಟ್ಟು ನೋಡಬೇಕಿತ್ತು.

ಮಂಡ್ಯದ ಕಡೆ ವಿದ್ಯುತ್ತು ಬಂದದ್ದೊಂದು ವಿಚಿತ್ರ ಕಥೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ಜನ ಈಗಲೂ ಬ್ಲಫ್ ಎನ್ನುವ ಜಾಗದಲ್ಲಿ, 1902ರಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕೋಲಾರದ ಚಿನ್ನದ ಗಣಿಗೆ ಹೋಯಿತು. ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದವರ ತಲೆಯ ಮೇಲೆಯೇ ತಂತಿ ಹಾದುಹೋಗಿತ್ತು. ಈ ಸೀಮೆಯ ಬದುಕು ಬದಲಾದದ್ದು ಕನ್ನಂಬಾಡಿಯ ನೀರು ನಾಲೆಗೆ ಬಿದ್ದ ಮೇಲೆ. ಕಬ್ಬು ಬಂತು. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಬಂತು. ಕಾರ್ಖಾನೆ ಎಂದರೆ ಫಿಟ್ಟರು, ಟರ್ನರು, ವೆಲ್ಡರು. ಕೈಗೆ ಅಳತೆಯ ಶಿಸ್ತು ಕಲಿಸುವ ಶಾಲೆಯೂ ಅದೇ.

ಆಮೇಲಿನದು ಎಲ್ಲರಿಗೂ ತಿಳಿದದ್ದೇ. 1953ರಲ್ಲಿ ಬೆಂಗಳೂರಿಗೆ ಎಚ್‌ಎಂಟಿ, 1962ರಲ್ಲಿ ಮಂಡ್ಯಕ್ಕೆ ಕೆ.ವಿ. ಶಂಕರಗೌಡರು ಕಟ್ಟಿದ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಕ್ಕೆ ಇವತ್ತು ಮದ್ದೂರಿನಲ್ಲೂ ಶಾಖೆಯಿದೆ.

ಹೊರಗಿನ ಲೋಕದಲ್ಲಿ ಇದೇ ವಿದ್ಯೆ ಬೇರೆ ಹಾದಿ ಹಿಡಿಯಿತು. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಲೂಸಿಯನ್ ಯೋಮನ್ಸ್ ಫಿರಂಗಿ ಗುಂಡು ಕಡೆಯಲು ಕಾಂಕ್ರೀಟಿನ ಮೈಯ ಲೇತುಗಳನ್ನು ಕಟ್ಟಿದ. 1980ರ ದಶಕದಲ್ಲಿ ಮಿಸೌರಿಯ ಡೇವಿಡ್ ಗಿಂಜರಿ ಗುಜರಿಯಿಂದಲೇ ಇಡೀ ಕಾರ್ಯಾಗಾರ ಕಟ್ಟಿಕೊಳ್ಳುವ ಏಳು ಪುಸ್ತಕಗಳ ಮಾಲೆ ಬರೆದ. ಅವನ ಕ್ರಮ ನನಗೆ ತುಂಬ ಹಿಡಿಸುತ್ತದೆ. ಮೊದಲು ಇದ್ದಿಲಿನ ಕುಲುಮೆ. ಅದರಲ್ಲಿ ಹಳೆಯ ಅಲ್ಯುಮಿನಿಯಂ ಕರಗಿಸಿ ಮರಳಿನ ಅಚ್ಚಿಗೆ ಎರೆದು ಲೇತಿನ ಭಾಗಗಳು. ಅರ್ಧಂಬರ್ಧ ಆದ ಲೇತಿನ ಮೇಲೆಯೇ ಅದರ ಉಳಿದ ಭಾಗಗಳು. ಆಮೇಲೆ ಶೇಪರ್, ಮಿಲ್ಲಿಂಗ್, ಡ್ರಿಲ್. ಅಲ್ಯುಮಿನಿಯಂ ಕರಗುವುದು 660 ಡಿಗ್ರಿಗೆ. ಪಾಕದ ಹದ ಕಣ್ಣಲ್ಲೇ ಹೇಳಬಲ್ಲ ಆಲೆಮನೆಯವರಿಗೆ ಬೆಂಕಿ ಹೊಸದಲ್ಲ. ಒಂದು ಎಚ್ಚರ ಮಾತ್ರ ಬೇಕೇ ಬೇಕು: ಕರಗಿದ ಲೋಹವನ್ನು ಸಿಮೆಂಟ್ ನೆಲದ ಮೇಲೆ ಎಂದೂ ಎರೆಯಬಾರದು. ಒಂದಿಷ್ಟು ಚೆಲ್ಲಿದರೂ ಒಳಗಿನ ತೇವ ಆವಿಯಾಗಿ ನೆಲವೇ ಸಿಡಿಯುತ್ತದೆ. ಕೆಳಗೆ ಒಣಮರಳು ಹರಡಿರಬೇಕು.

ಸಾಮಗ್ರಿಯ ವಿಷಯದಲ್ಲಂತೂ ಗಿಂಜರಿಗಿಂತ ನಮ್ಮವರೇ ಶ್ರೀಮಂತರು. ಗುಜರಿ ಅಂಗಡಿಯಲ್ಲಿ ಹಳೆಯ ಗಾಣದ ಪಕ್ಕದ ಚೌಕಟ್ಟು, ಪಂಪ್‌ಸೆಟ್ಟಿನ ಮೈ, ಟ್ರ್ಯಾಕ್ಟರಿನ ಶಾಫ್ಟು ಎಲ್ಲವೂ ತೂಕದ ಲೆಕ್ಕಕ್ಕೆ ಸಿಗುತ್ತವೆ. ಯಾವುದು ಎರಕ, ಯಾವುದು ಉಕ್ಕು ಎಂದು ತಿಳಿಯಲು ಸಾಣೆಚಕ್ರಕ್ಕೆ ಒಮ್ಮೆ ತಾಗಿಸಿದರೆ ಸಾಕು. ಉಕ್ಕಿನ ಕಿಡಿ ಬೆಳ್ಳಗೆ ಉದ್ದಕ್ಕೆ ಹಾರುತ್ತದೆ, ಎರಕದ್ದು ಕೆಂಪಗೆ ಮೋಟಾಗಿ ಉದುರುತ್ತದೆ. ಲೇತಿನ ಬೆಡ್ಡಿಗೆ ಎರಕವೇ ಒಳ್ಳೆಯದು, ಅದರೊಳಗಿನ ಗ್ರಾಫೈಟು ನಡುಕವನ್ನು ನುಂಗುತ್ತದೆ.

ಕಷ್ಟ ಇರುವುದು ಅಳತೆಯಲ್ಲಿ. ಸಮತಟ್ಟಾದ ಯಂತ್ರವಿಲ್ಲದೆ ಸಮತಟ್ಟಾದ ಬೆಡ್ಡು ಬರುವುದು ಹೇಗೆ? ಬೀಸುವ ಕಲ್ಲನ್ನು ನೋಡಿದವರಿಗೆ ಉತ್ತರ ಬೇಗ ಹೊಳೆಯುತ್ತದೆ. ಎರಡು ಕಲ್ಲು ಸವೆದು ಸವೆದು ಒಂದಕ್ಕೊಂದು ಚೆನ್ನಾಗಿ ಕೂರುತ್ತವೆ. ಆದರೆ ಕೆಳಗಿನದು ಉಬ್ಬಿ ಮೇಲಿನದು ತಗ್ಗಾಗಿದ್ದರೂ ಅವು ಹಾಗೆಯೇ ಕೂರುತ್ತವೆ. ಮೂರನೆಯದು ಬಂದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ. ಒಂದು ಎರಡಕ್ಕೂ, ಎರಡು ಮೂರಕ್ಕೂ, ಮೂರು ಒಂದಕ್ಕೂ ಕೂರಬೇಕಾದರೆ ಮೂರೂ ಸಪಾಟಾಗಿರಲೇಬೇಕು, ಬೇರೆ ದಾರಿಯಿಲ್ಲ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲಿ ವಿವರಿಸಿದ ಕ್ರಮವಿದು. ಮೂರು ಎರಕದ ಫಲಕ, ಒಂದಿಷ್ಟು ನೀಲಿ ಬಣ್ಣ, ತುದಿ ಸಾಣೆ ಹಿಡಿದ ಹಳೆಯ ಅರ, ಇಷ್ಟು ಸಾಕು. ಬಣ್ಣ ಹಚ್ಚಿ ಒಂದನ್ನು ಇನ್ನೊಂದರ ಮೇಲೆ ಉಜ್ಜಿದರೆ ಉಬ್ಬಿದ ಕಡೆ ಮಾತ್ರ ನೀಲಿ ಮೆತ್ತಿಕೊಳ್ಳುತ್ತದೆ. ಆ ಚುಕ್ಕೆಗಳನ್ನಷ್ಟೇ ಹೆರೆಯಬೇಕು. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಹೆರೆತ. ಮೊದಲು ಮೂಲೆಗೆರಡು ಕಲೆ, ವಾರ ಕಳೆದ ಮೇಲೆ ಫಲಕದ ತುಂಬ ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ನಾನು ಇದನ್ನು ಮೂರು ದಿನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೊಡ್ಡ ನಿಖರತೆ ಹುಟ್ಟುವ ಇನ್ನೊಂದು ಕೆಲಸ ನನಗೆ ಗೊತ್ತಿಲ್ಲ.

ಈಗ ಮನೆಯಲ್ಲಿ ಕಟ್ಟುವವರಿಗೆ ಅನುಕೂಲ ಹೆಚ್ಚಿದೆ. ಮನೆಗೆ ಬರುವುದು ಸಿಂಗಲ್ ಫೇಸ್ ಆದರೂ ವಿಎಫ್‌ಡಿ ಎಂಬ ಡಬ್ಬಿಯೊಂದು ತ್ರೀಫೇಸ್ ಮೋಟಾರನ್ನು ಓಡಿಸಿ ವೇಗವನ್ನೂ ಹಿಡಿತಕ್ಕೆ ಕೊಡುತ್ತದೆ. ಬಾಲ್‌ಸ್ಕ್ರೂ, ಸ್ಟೆಪ್ಪರ್ ಮೋಟಾರು ಕೊರಿಯರಿನಲ್ಲಿ ಬರುತ್ತವೆ. ಚಿಕ್ಕ ಸಿಎನ್‌ಸಿ ಯಂತ್ರವನ್ನು ಜೋಡಿಸುವುದು ಕಾಲೇಜು ಹುಡುಗರಿಗೆ ಕಷ್ಟವಲ್ಲ. ಅವರು ಜೋಡಿಸಲಿ, ಸಂತೋಷವೇ. ಆದರೆ ತಂದು ಜೋಡಿಸಿದ ಯಂತ್ರದ ಅಳತೆ ತಪ್ಪಿದಾಗ ಸರಿಮಾಡುವುದು ಹೆರೆಯುವ ಕೈಯೇ. ಆ ಕೈಗಳು ಮುದಿಯಾಗುತ್ತಿವೆ. ತರಬೇತಿ ಮುಗಿಸಿದ ಹುಡುಗರು ಬೆಂಗಳೂರಿನ ಬಸ್ಸು ಹತ್ತುವ ಮುಂಚೆ ಒಂದು ತಿಂಗಳಾದರೂ ಇಂಥ ಅಂಗಡಿಯಲ್ಲಿ ಕೂರಬೇಕು ಎಂಬುದು ನನ್ನ ಆಸೆ.

ಮದ್ದೂರಿನ ಆ ಅಂಗಡಿಗೆ ಮತ್ತೆ ಹೋದಾಗ ಬೇಲಿಯ ಪಕ್ಕ ಹಳೆಯ ಗಾಣದ ಚೌಕಟ್ಟೊಂದು ಬಿದ್ದಿತ್ತು. ಮೇಲಿನ ಪದರ ಕೆತ್ತಿಯಾಗಿತ್ತು. ಅದು ಹೊಸ ಲೇತಿನ ಬೆಡ್ಡು. ಯಾವಾಗ ಮುಗಿಸ್ತೀರಿ ಎಂದು ಕೇಳಿದೆ. "ಇನ್ನೊಂದ್ ಮಳೆಗಾಲ ಈಚೆನೇ ಬಿದ್ದಿರ್ಲಿ ಸಾ," ಎಂದರು ಮೇಸ್ತ್ರಿ. "ತಿರುಚ್ಕೊಳ್ಳೋದೆಲ್ಲ ತಿರುಚ್ಕೊಂಡು ಸುಮ್ನಾಗ್ಲಿ. ಆಮೇಲ್ ಹೆರುದ್ರಾಯ್ತು."